ಡೆಬಿಯನ್: ಒಡೆಯನಿಲ್ಲದ ಒಂದು ಕೃತಿಯ ಚರಿತ್ರೆ

ಕೆರೆಯನ್ನು ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿ ನಿಲ್ಲುತ್ತದೆ; ಕಾವ್ಯವನ್ನು ಬರೆದ ಕವಿಯ ಅಂಕಿತವು ಕಾವ್ಯದೊಡನೆಯೇ ಬರುತ್ತದೆ. ಆದರೆ ನಾನಾ ದೇಶಗಳಲ್ಲಿ ಚದರಿಹೋಗಿರುವ ಸಾವಿರಾರು ಜನರು, ಬಹುಮಟ್ಟಿಗೆ ಒಬ್ಬರ ಮುಖವನ್ನೊಬ್ಬರು ಕಾಣದೆ, ಯಾರ ಅಪ್ಪಣೆಗೂ ಕಾಯದೆ, ಮೂವತ್ತು ವರ್ಷಗಳಿಗೂ ಮಿಕ್ಕ ಕಾಲದಿಂದ ಕಟ್ಟುತ್ತ ಬಂದಿರುವ ಕೃತಿಯೊಂದಿದ್ದರೆ ಅದಕ್ಕೆ ಒಡೆಯರೆಂದು ಯಾರನ್ನು ಹೇಳಬೇಕು? ಡೆಬಿಯನ್ ಎಂಬುದು ಅಂತಹ ಒಂದು ಕೃತಿ. ಇದು ಕಂಪ್ಯೂಟರನ್ನು ನಡೆಯಿಸತಕ್ಕ ಆಪರೇಟಿಂಗ್ ಸಿಸ್ಟಮ್. ಕನ್ನಡದಲ್ಲಿ ಇದನ್ನು ಕಾರ್ಯಾಚರಣ ವ್ಯವಸ್ಥೆಯೆಂದು ಕರೆಯುವುದುಂಟು. ಇದನ್ನು ಪಡೆಯುವುದಕ್ಕೆ ಯಾರೂ ಹಣ ತೆರಬೇಕಾಗಿಲ್ಲ. ಪಡೆದವನು ಬಿಚ್ಚಿ ನೋಡಬಹುದು, ತಿದ್ದಬಹುದು, ಪ್ರತಿಮಾಡಿ ನೆರೆಯವನಿಗೆ ಕೊಡಬಹುದು. ಪುಕ್ಕಟೆಯಾಗಿ ಬಂದ ವಸ್ತುವು ಬಾಳಿಕೆ ಬಾರದೆಂಬ ಲೋಕದ ನಂಬಿಕೆಗೆ ವಿರುದ್ಧವಾಗಿ ಈ ವ್ಯವಸ್ಥೆಯು ಹೇಗೆ ಬಾಳಿತು, ಬಾಳುವಾಗ ಎಲ್ಲೆಲ್ಲಿ ಎಡವಿತು ಎಂಬುದು ವಿಚಾರಯೋಗ್ಯವಾದ ವಿಷಯವಾಗಿದೆ.

ಕಾರ್ಯಾಚರಣ ವ್ಯವಸ್ಥೆಯೆಂದರೇನೆಂಬುದನ್ನು ಮೊದಲು ತಿಳಿಯುವುದು ಯುಕ್ತ. ಜಾತ್ರೆಯ ದಿನ ದೊಡ್ಡ ಛತ್ರವೊಂದಕ್ಕೆ ನೂರಾರು ಯಾತ್ರಿಕರು ಬಂದಿಳಿದರೆ ಯಾರಿಗೆ ಯಾವ ಕೋಣೆ, ಯಾರಿಗೆ ಯಾವ ಪಂಕ್ತಿ, ಉಗ್ರಾಣದ ಬೀಗದ ಕೈ ಯಾರ ಸ್ವಾಧೀನ ಎಂಬುದನ್ನೆಲ್ಲ ನಿಶ್ಚಯಿಸುವ ಪಾರುಪತ್ಯಗಾರನೊಬ್ಬನು ಇರಬೇಕಷ್ಟೆ. ಕಂಪ್ಯೂಟರಿನೊಳಗೆ ಬರಹ, ಲೆಕ್ಕ, ಚಿತ್ರ, ಸಂಗೀತ ಮುಂತಾದವುಗಳಿಗೆ ಸಂಬಂಧಿಸಿದ ನಾನಾ ತಂತ್ರಾಂಶಗಳು ಏಕಕಾಲದಲ್ಲಿ ಕೆಲಸಕ್ಕೆ ನಿಂತಾಗ, ಯಂತ್ರದ ನೆನಪನ್ನೂ ವೇಳೆಯನ್ನೂ ಅವುಗಳಿಗೆ ಹಂಚಿಕೊಟ್ಟು, ಒಂದು ಇನ್ನೊಂದರ ಎಲೆಗೆ ಕೈಹಾಕದಂತೆ ಕಾಯುವುದೇ ಕಾರ್ಯಾಚರಣ ವ್ಯವಸ್ಥೆಯ ಕೆಲಸ. ತಂತ್ರಾಂಶಕ್ಕೆ ಎರಡು ರೂಪಗಳುಂಟು. ಮನುಷ್ಯರು ಬರೆದು ಓದಿ ತಿಳಿಯಬಹುದಾದ ಮೂಲಪಾಠವು ಒಂದು. ಯಂತ್ರಕ್ಕೆ ಮಾತ್ರ ತಿಳಿಯತಕ್ಕ ಅಂಕೆಗಳ ರೂಪವು ಇನ್ನೊಂದು. ವ್ಯಾಪಾರದ ಕಂಪೆನಿಗಳು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಮಾರಿ, ಮೂಲಪಾಠವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುವು. ಗ್ರಂಥವನ್ನು ಕೊಂಡವನು ಅದನ್ನು ಪಾರಾಯಣ ಮಾಡಬಹುದು, ಆದರೆ ಅರ್ಥವನ್ನು ಕೇಳಕೂಡದು, ಲೇಖಕದೋಷವು ಕಣ್ಣಿಗೆ ಬಿದ್ದರೂ ತಿದ್ದಕೂಡದು, ಶಿಷ್ಯನಿಗೆ ಪ್ರತಿ ಮಾಡಿಕೊಡಕೂಡದು ಎಂದು ಕಟ್ಟುಮಾಡಿದರೆ ಹೇಗೋ ಹಾಗೆ.

ಈ ಕಟ್ಟುಪಾಡನ್ನು ಬಹಿರಂಗವಾಗಿ ಪ್ರತಿಭಟಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ನರು. ೧೯೮೩ನೆಯ ಸೆಪ್ಟೆಂಬರ್ ೨೭ರಂದು ಅವರು ಗ್ನೂ ಎಂಬ ಹೆಸರಿನಲ್ಲಿ ಸಂಪೂರ್ಣ ಸ್ವತಂತ್ರವಾದ ವ್ಯವಸ್ಥೆಯೊಂದನ್ನು ರಚಿಸುವುದಾಗಿ ಸಾರಿದರು. ೧೯೮೯ರಲ್ಲಿ ಅವರು ಪ್ರಕಟಿಸಿದ ಪರವಾನಗಿ ಪತ್ರವು ಬುದ್ಧಿವಂತಿಕೆಯ ಕೆಲಸ. ಕೃತಿಸ್ವಾಮ್ಯದ ಕಾಯಿದೆಯು ಪ್ರತಿಮಾಡುವುದನ್ನು ತಡೆಯಲು ಹುಟ್ಟಿದ್ದು. ಸ್ಟಾಲ್‌ಮನ್ನರು ಅದೇ ಕಾಯಿದೆಯ ಬಲದಿಂದ, ಈ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದು, ಆದರೆ ಹಂಚುವವನು ತಾನು ಪಡೆದ ಸ್ವಾತಂತ್ರ್ಯವನ್ನು ಮುಂದಿನವನಿಗೂ ಕೊಡಲೇಬೇಕು ಎಂದು ವಿಧಿಸಿದರು. ಇಷ್ಟಾದರೂ ಗ್ನೂ ವ್ಯವಸ್ಥೆಗೆ ಯಂತ್ರದೊಡನೆ ನೇರವಾಗಿ ವ್ಯವಹರಿಸುವ ಒಳತಿರುಳು, ಎಂದರೆ ಕರ್ನೆಲ್, ಸಿದ್ಧವಾಗಿರಲಿಲ್ಲ. ಅದನ್ನು ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದು, ಮರುವರ್ಷ ಅದೇ ಪರವಾನಗಿಯ ಕೆಳಗೆ ತಂದರು. ಅದಕ್ಕೆ ಲಿನಕ್ಸ್ ಎಂದು ಹೆಸರಾಯಿತು.

ಈಗ ದೇಹಕ್ಕೆ ಬೇಕಾದ ಅಂಗಾಂಗಗಳು ಬೇರೆ ಬೇರೆ ಕಡೆ ಸಿದ್ಧವಾಗಿದ್ದುವು. ಅವುಗಳನ್ನು ಜೋಡಿಸಿ ಜೀವತುಂಬುವವರು ಬೇಕಾಗಿದ್ದರು. ಅವುಗಳನ್ನು ಒಟ್ಟುಗೂಡಿಸಿ ಹಂಚುವ ಕೆಲವು ಪ್ರಯತ್ನಗಳು ಅಷ್ಟು ಹೊತ್ತಿಗೆ ನಡೆದಿದ್ದುವಾದರೂ ಅವು ಅವಸರದ ಕೆಲಸಗಳಾಗಿದ್ದು ದೋಷಗಳಿಂದ ತುಂಬಿದ್ದುವು. ಇಂಡಿಯಾನ ಪ್ರಾಂತ್ಯದ ಪರ್‌ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಪ್ಪತ್ತು ವರ್ಷದ ಇಯಾನ್ ಮರ್ಡಾಕ್ ಎಂಬ ತರುಣರು ಇದರಿಂದ ಬೇಸತ್ತು, ೧೯೯೩ನೆಯ ಆಗಸ್ಟ್ ೧೬ರಂದು ತಾವೇ ಒಂದು ಹೊಸ ಸಂಕಲನವನ್ನು ಸಿದ್ಧಪಡಿಸುವುದಾಗಿ ತಿಳಿಯಪಡಿಸಿದರು. ಆಗ ತಮ್ಮ ಪ್ರೇಯಸಿಯಾಗಿದ್ದು ಮುಂದೆ ಪತ್ನಿಯಾದ ಡೆಬ್ರಾ ಅವರ ಹೆಸರಿನ ಮೊದಲ ಭಾಗವನ್ನೂ ತಮ್ಮ ಹೆಸರನ್ನೂ ಸೇರಿಸಿ ಅವರು ಇಟ್ಟ ಹೆಸರೇ ಡೆಬಿಯನ್. ಆ ದಾಂಪತ್ಯವು ಮುಂದೆ ಮುರಿಯಿತು; ಸಮಾಸವು ಮಾತ್ರ ಉಳಿಯಿತು. ಮರ್ಡಾಕರು ಬರೆದ ಉದ್ದೇಶಪತ್ರದ ತಾತ್ಪರ್ಯವಿಷ್ಟು: ಜೋಡಿಸುವ ಕೆಲಸವೂ ರಚಿಸುವ ಕೆಲಸದಷ್ಟೇ ಘನವಾದದ್ದು, ಅದನ್ನು ವ್ಯಾಪಾರಿಯೊಬ್ಬನ ಗುಟ್ಟಾಗಿ ಬಿಡದೆ ಹಲವರು ಕೂಡಿ ಬಯಲಿನಲ್ಲಿ ಮಾಡಬೇಕು.

ಹಲವರು ಕೂಡಿ ಮಾಡಬೇಕಾದರೆ ಕೆಲಸವು ಪಾಲಾಗಬೇಕು. ಇದಕ್ಕೆ ಕಂಡುಕೊಂಡ ಉಪಾಯವೇ ಪ್ಯಾಕೇಜು, ಅಥವಾ ಕಟ್ಟು. ಓಲೆಗರಿಯ ಗ್ರಂಥಭಂಡಾರದಲ್ಲಿ ಒಂದೊಂದು ಗ್ರಂಥಕ್ಕೂ ಒಂದೊಂದು ಕಟ್ಟಿರುವಂತೆ ಇಲ್ಲಿ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಕಟ್ಟು. ಒಂದೊಂದು ಕಟ್ಟಿಗೂ ಒಬ್ಬ ಪಾಲಕ. ವ್ಯಾಕರಣದಲ್ಲಿ ಹಿಂದಿನ ಸೂತ್ರದ ಪದವು ಅನುವೃತ್ತಿಯಾಗಿ ಬಾರದಿದ್ದರೆ ಮುಂದಿನ ಸೂತ್ರವು ಅರ್ಥವಾಗದಷ್ಟೆ. ಹಾಗೆಯೇ ಒಂದು ಕಟ್ಟು ಕೆಲಸಮಾಡಲು ಇನ್ನು ಯಾವ ಯಾವ ಕಟ್ಟುಗಳನ್ನು ಅಪೇಕ್ಷಿಸುತ್ತದೆ, ಯಾವುದರೊಡನೆ ಅದಕ್ಕೆ ವಿರೋಧ ಎಂಬುದನ್ನು ಅದರ ಮೇಲೆಯೇ ಬರೆದಿರುತ್ತದೆ. ಇಯಾನ್ ಜಾಕ್ಸನ್ನರು ೧೯೯೪ರಲ್ಲಿ ಹೊಸದಾಗಿ ಬರೆದ ಡಿಪಿಕೆಜಿ ಎಂಬ ಸಾಧನವು ಈ ಕಟ್ಟುಗಳನ್ನು ಬಿಚ್ಚಿ ನೆಲೆಗೊಳಿಸುವುದು. ೧೯೯೯ರಿಂದ ಅದರೊಡನೆ ಸೇರಿದ ಆಪ್ಟ್ ಎಂಬುದು ಬೇಕಾದ ಕಟ್ಟುಗಳನ್ನೆಲ್ಲ ತಾನೇ ದೂರದ ಭಂಡಾರದಿಂದ ತರಿಸಿಕೊಡುವುದು. ಇಂದು ಪ್ರತಿಯೊಬ್ಬನ ಕೈಯ ಫೋನಿನಲ್ಲಿಯೂ ಒಂದು ಸಲ ಮುಟ್ಟಿದೊಡನೆ ಹೊಸ ತಂತ್ರಾಂಶವು ಬಂದು ಕೂರುವುದನ್ನು ನೋಡಿದವರಿಗೆ ಇದರಲ್ಲಿ ವಿಶೇಷವೇನೂ ತೋರದು. ಅಂದು ಅದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಮೊದಲ ವರ್ಷಗಳು ಕಷ್ಟದವು. ೧೯೯೪ರ ನವೆಂಬರಿನಿಂದ ಒಂದು ವರ್ಷ ಸ್ಟಾಲ್‌ಮನ್ನರ ಸಂಸ್ಥೆಯು ಧನಸಹಾಯ ಮಾಡಿತು. ೧೯೯೬ರ ಮಾರ್ಚಿಯಲ್ಲಿ ಮರ್ಡಾಕರು ಮುಖಂಡತ್ವವನ್ನು ಬ್ರೂಸ್ ಪೆರೆನ್ಸರಿಗೆ ಒಪ್ಪಿಸಿದರು. ಪೆರೆನ್ಸರು ಆಗ ಪಿಕ್ಸಾರ್ ಎಂಬ ಚಲಚ್ಚಿತ್ರ ಕಂಪೆನಿಯಲ್ಲಿದ್ದರು. ಆ ಕಂಪೆನಿಯ ಟಾಯ್ ಸ್ಟೋರಿ ಎಂಬ ಬೊಂಬೆಗಳ ಚಿತ್ರವು ಅದೇ ತಾನೇ ಹೊರಬಂದಿತ್ತು. ಆದ್ದರಿಂದ ಡೆಬಿಯನ್ನಿನ ಒಂದೊಂದು ಆವೃತ್ತಿಗೂ ಆ ಚಿತ್ರದ ಒಂದೊಂದು ಪಾತ್ರದ ಹೆಸರನ್ನಿಡುವ ಪದ್ಧತಿಯು ಹುಟ್ಟಿ ಇಂದಿನವರೆಗೂ ನಡೆದುಬಂದಿದೆ. ಇಷ್ಟು ಘನವಾದ ಕೆಲಸಕ್ಕೆ ಮಕ್ಕಳ ಬೊಂಬೆಯ ಹೆಸರೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಅಷ್ಟಾಧ್ಯಾಯಿಯಲ್ಲಿ ಟಿ, ಘು, ಭ ಎಂಬ ಸಂಜ್ಞೆಗಳನ್ನು ಒಪ್ಪಿದವರು ಇದನ್ನೂ ಒಪ್ಪಬೇಕಾಗುವುದು. ೧.೦ ಎಂಬ ಆವೃತ್ತಿಯು ಡೆಬಿಯನ್ನಿಗೆ ಇಲ್ಲವೇ ಇಲ್ಲ. ಅಡಕಮುದ್ರಿಕೆಗಳನ್ನು ಮಾರುವ ವ್ಯಾಪಾರಿಯೊಬ್ಬನು ಇನ್ನೂ ಬೇಯದ ಪಾಕಕ್ಕೆ ೧.೦ ಎಂದು ಚೀಟಿ ಹಚ್ಚಿ ಮಾರಿಬಿಟ್ಟನು; ಆ ಗೊಂದಲವನ್ನು ತಪ್ಪಿಸಲು ೧೯೯೬ರ ಜೂನಿನಲ್ಲಿ ನಿಜವಾದ ಆವೃತ್ತಿಯು ೧.೧ ಎಂಬ ಸಂಖ್ಯೆಯಿಂದ ಹೊರಟಿತು. ಅದರಲ್ಲಿದ್ದ ಕಟ್ಟುಗಳು ೪೭೪.

೧೯೯೭ನೆಯ ಜುಲೈ ತಿಂಗಳಲ್ಲಿ ಡೆಬಿಯನ್ನಿನವರು ಒಂದು ಪ್ರತಿಜ್ಞಾಪತ್ರವನ್ನು ಒಪ್ಪಿಕೊಂಡರು. ಇದರ ಹೆಸರು ಸಾಮಾಜಿಕ ಒಡಂಬಡಿಕೆ. ಅದರಲ್ಲಿ ಐದೇ ವಾಕ್ಯಗಳ ವಿಧಿ. ವ್ಯವಸ್ಥೆಯು ಪೂರ್ತಿಯಾಗಿ ಸ್ವತಂತ್ರವಾಗಿಯೇ ಉಳಿಯುವುದು, ತಿದ್ದಿದ್ದನ್ನು, ಹೊಸದಾಗಿ ಬರೆದದ್ದನ್ನು ಸಮುದಾಯಕ್ಕೆ ಹಿಂದಿರುಗಿಸಲಾಗುವುದು, ದೋಷಗಳನ್ನು ಬಚ್ಚಿಡಲಾಗದು, ಬಳಸುವವರ ಹಿತವೂ ಸ್ವತಂತ್ರ ತಂತ್ರಾಂಶದ ಹಿತವೂ ಮೊದಲು, ಸ್ವತಂತ್ರವಲ್ಲದ ತಂತ್ರಾಂಶವು ಕೆಲವರಿಗೆ ಬೇಕಾಗುವುದುಂಟಾದ್ದರಿಂದ ಅದಕ್ಕೆ ಪ್ರತ್ಯೇಕವಾದ ಸ್ಥಳವುಂಟು, ಆದರೆ ಅದು ಡೆಬಿಯನ್ನಿನ ಅಂಗವಲ್ಲ. ಈ ಪೈಕಿ ಮೂರನೆಯದೇ ಮಿಕ್ಕೆಲ್ಲಕ್ಕೂ ಆಧಾರಸ್ತಂಭವೆಂದು ಈ ಚರಿತ್ರೆಯನ್ನು ನೋಡಿದವರಿಗೆ ತೋರದೆ ಇರದು. ಗುಣವನ್ನು ಸಾರುವುದಾಗಿ ಹೇಳಿಕೊಳ್ಳುವ ಸಂಸ್ಥೆಗಳು ಬೇಕಾದಷ್ಟು. ತನ್ನ ದೋಷಪಟ್ಟಿಯನ್ನು ಬೀದಿಬಾಗಿಲಲ್ಲಿ ತೂಗುಹಾಕುವುದಾಗಿ ಬರೆದುಕೊಟ್ಟ ಸಂಸ್ಥೆಗಳು ವಿರಳ. ಯಾವ ತಂತ್ರಾಂಶವನ್ನು ಸ್ವತಂತ್ರವೆನ್ನಬೇಕು ಎಂಬುದಕ್ಕೆ ಈ ಪತ್ರದೊಡನೆಯೇ ಲಕ್ಷಣಗಳನ್ನೂ ಬರೆದರು. ಇಂತಹ ಜನರಿಗೆ ಉಂಟು ಇಂತಹವರಿಗೆ ಇಲ್ಲ ಎಂಬ ಭೇದವಾಗಲಿ, ಇಂತಹ ಕೆಲಸಕ್ಕೆ ಬಳಸಬಹುದು ಇಂತಹದಕ್ಕೆ ಕೂಡದು ಎಂಬ ನಿರ್ಬಂಧವಾಗಲಿ ಇರಕೂಡದೆಂಬುದು ಅವುಗಳಲ್ಲಿ ಮುಖ್ಯವಾದದ್ದು. ೧೯೯೮ರಲ್ಲಿ ಓಪನ್ ಸೋರ್ಸ್, ಎಂದರೆ ಮುಕ್ತ ಮೂಲ, ಎಂಬ ಹೊಸ ಹೆಸರು ಹುಟ್ಟಿದಾಗ ಅದಕ್ಕೆ ಕೊಟ್ಟ ಲಕ್ಷಣವು ಡೆಬಿಯನ್ನಿನ ಈ ಲಕ್ಷಣದಿಂದಲೇ ತೆಗೆದದ್ದು.

ಮರುವರ್ಷ, ೧೯೯೮ರ ಡಿಸೆಂಬರಿನಲ್ಲಿ, ರಾಜ್ಯಾಂಗಕ್ಕೆ ಸಮಾನವಾದ ನಿಬಂಧನೆಯೊಂದು ಅಂಗೀಕೃತವಾಯಿತು. ಅದರ ಪ್ರಕಾರ ಪ್ರತಿವರ್ಷವೂ ಸದಸ್ಯರು ಒಬ್ಬ ಮುಖಂಡರನ್ನು ಆರಿಸುವರು. ಈ ಮುಖಂಡರ ಅಧಿಕಾರವೆಷ್ಟೆಂದರೆ, ಯಾರಿಗೂ ಯಾವ ಕೆಲಸವನ್ನೂ ಆಜ್ಞಾಪಿಸುವಂತಿಲ್ಲ. ಮನಸ್ಸಿಲ್ಲದ ಕೆಲಸವನ್ನು ಯಾರೂ ಮಾಡಬೇಕಾಗಿಲ್ಲ, ಆದರೆ ಕೂಡಿ ಮಾಡಿದ ನಿರ್ಣಯಕ್ಕೆ ಅಡ್ಡಿಯನ್ನೂ ಮಾಡಕೂಡದು ಎಂಬುದು ನಿಬಂಧನೆಯ ಸ್ಪಷ್ಟವಾದ ಮಾತು. ಮತ ಹಾಕುವ ಕ್ರಮವೂ ವಿಲಕ್ಷಣವಾಗಿದೆ. ಮತದಾರನು ಒಬ್ಬನ ಹೆಸರಿಗೆ ಗುರುತು ಹಾಕಿ ಬಿಡದೆ ಎಲ್ಲರನ್ನೂ ತನಗೆ ಒಪ್ಪಿತವಾದ ತಾರತಮ್ಯದಲ್ಲಿ ಸಾಲಾಗಿ ಬರೆಯುವನು. ಅನಂತರ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿದಂತೆ ಲೆಕ್ಕಮಾಡಿ, ಮಿಕ್ಕ ಪ್ರತಿಯೊಬ್ಬರನ್ನೂ ಗೆಲ್ಲಬಲ್ಲವರನ್ನು ಆರಿಸುವರು. ಈ ನ್ಯಾಯಕ್ಕೆ ಮೂಲಪುರುಷರು ಹದಿನೆಂಟನೆಯ ಶತಮಾನದ ಫ್ರೆಂಚ್ ಗಣಿತಜ್ಞ ಕೊಂಡೋರ್ಸೆ. ಮೇಲ್ಕಂಡವರಲ್ಲಿ ಯಾರೂ ಬೇಡ ಎಂಬುದು ಕೂಡ ಒಬ್ಬ ಅಭ್ಯರ್ಥಿಯಂತೆಯೇ ಸಾಲಿನಲ್ಲಿ ನಿಂತಿರುತ್ತದೆ; ಅದಕ್ಕೆ ಸೋತವರು ಗೆಲ್ಲುವಂತಿಲ್ಲ.

ಸದಸ್ಯತ್ವವು ಸುಲಭವಾಗಿ ದೊರೆಯತಕ್ಕದ್ದಲ್ಲ. ಮುಖ ಕಾಣದ ಸಮುದಾಯದಲ್ಲಿ, ಹೇಳಿಕೊಂಡವನೇ ಅವನೆಂದು ನಂಬುವುದು ಹೇಗೆ? ಪ್ರತಿಯೊಬ್ಬ ಸದಸ್ಯನೂ ಗಣಿತದ ರಹಸ್ಯಸಂಖ್ಯೆಯಿಂದ ರಚಿತವಾದ ಮುದ್ರೆಯೊಂದನ್ನು ಇಟ್ಟುಕೊಂಡಿರಬೇಕು. ಹೊಸಬನು ಹಳೆಯ ಸದಸ್ಯರನ್ನು ಮುಖಾಮುಖಿ ಕಂಡು, ಸರ್ಕಾರದ ಗುರುತಿನ ಚೀಟಿಯನ್ನು ತೋರಿಸಿ, ಅವರಿಂದ ತನ್ನ ಮುದ್ರೆಗೆ ಮೇಲುಸಹಿ ಪಡೆಯುವುದು ಸಂಪ್ರದಾಯ. ಆಮೇಲೆ ಒಡಂಬಡಿಕೆಯಲ್ಲಿಯೂ ಕೆಲಸದಲ್ಲಿಯೂ ಪರೀಕ್ಷೆ. ಹೀಗೆ ತೇರ್ಗಡೆಯಾದ ಮತದಾರ ಸದಸ್ಯರು ಲೋಕದಲ್ಲೆಲ್ಲ ಸುಮಾರು ಒಂದು ಸಾವಿರ. ಸದಸ್ಯರಾಗದೆ ದುಡಿಯುವವರು, ಭಾಷಾಂತರ ಮಾಡುವವರು, ದೋಷಗಳನ್ನು ಕಂಡು ತಿಳಿಸುವವರು ಇವರಿಗಿಂತ ಬಹಳ ಹೆಚ್ಚು.

ಈ ಪರಸ್ಪರ ಪರಿಚಯದ ಸ್ವರೂಪವನ್ನು ತೋರಿಸುವ ಒಂದು ಸಂಗತಿಯುಂಟು. ಜೋಯಲ್ ಕ್ಲೆಕರ್ ಎಂಬ ಯುವಕರು ೧೯೯೭ರಿಂದ ಮೂರು ವರ್ಷ ಡೆಬಿಯನ್ನಿಗಾಗಿ ದುಡಿದರು. ಸಂಗಡಿಗರು ಅವರನ್ನು ಎಸ್ಪಿ ಎಂದು ಕರೆಯುತ್ತಿದ್ದರು. ೨೦೦೦ನೆಯ ಜುಲೈ ೧೧ರಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ತೀರಿಹೋದ ಮೇಲೆ ಬಹುಮಂದಿಗೆ ತಿಳಿದು ಬಂದದ್ದೇನೆಂದರೆ, ಅವರು ಸ್ನಾಯುಗಳು ಕ್ಷೀಣಿಸುವ ದುಸ್ಸಾಧ್ಯವಾದ ರೋಗದಿಂದ ಹಾಸಿಗೆ ಹಿಡಿದಿದ್ದರು. ಕೆಲಸವು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಪ್ರಶ್ನೆಗೆ ಉತ್ತರ ಬರುತ್ತಿತ್ತು. ಕೈಗಳ ಸ್ಥಿತಿಯನ್ನು ಯಾರೂ ಕೇಳಿರಲಿಲ್ಲ. ಮರುತಿಂಗಳು ಹೊರಬಂದ ಪೊಟೇಟೋ ಎಂಬ ೨.೨ನೆಯ ಆವೃತ್ತಿಯನ್ನು ಅವರ ಸ್ಮರಣೆಗೆ ಅರ್ಪಿಸಿದರು.

ಡೆಬಿಯನ್ನಿನಲ್ಲಿ ತಂತ್ರಾಂಶವು ಮೂರು ಆಶ್ರಮಗಳನ್ನು ದಾಟಬೇಕು. ಹೊಸದಾಗಿ ಬಂದದ್ದು ಅಸ್ಥಿರವೆಂಬ ವಿಭಾಗಕ್ಕೆ ಸೇರುವುದು. ಈ ವಿಭಾಗಕ್ಕೆ ಶಾಶ್ವತವಾಗಿ ಸಿಡ್ ಎಂದು ಹೆಸರು. ಚಿತ್ರದಲ್ಲಿ ಸಿಡ್ ಎಂಬವನು ಬೊಂಬೆಗಳನ್ನು ಮುರಿದು ಹಾಳುಮಾಡುವ ಪಕ್ಕದ ಮನೆಯ ಹುಡುಗ. ಅಲ್ಲಿ ಕೆಲವು ದಿನ ಮುರಿಯದೆ ಉಳಿದದ್ದು ಪರೀಕ್ಷಾ ವಿಭಾಗಕ್ಕೆ ಏರುವುದು. ಪರೀಕ್ಷಾ ವಿಭಾಗವು ಒಟ್ಟಾಗಿ ಮಾಗಿದ ಮೇಲೆ ಸ್ಥಿರವೆಂದು ಪ್ರಕಟವಾಗುವುದು. ಯಾವಾಗ ಮಾಗುವುದೆಂದು ಕೇಳಿದರೆ, ಸಿದ್ಧವಾದಾಗ ಎಂಬುದೇ ಅವರ ಹಳೆಯ ಉತ್ತರ. ಈ ಉತ್ತರವು ಕೆಲವು ಸಲ ಸೋಮಾರಿತನದ ಮರೆಯಾದದ್ದೂ ಉಂಟು: ೨೦೦೨ರ ಜುಲೈಯಲ್ಲಿ ಬಂದ ಆವೃತ್ತಿಗೆ ಉತ್ತರಾಧಿಕಾರಿಯು ಹುಟ್ಟಲು ೨೦೦೫ರ ಜೂನ್ ಆಯಿತು, ಅಷ್ಟರಲ್ಲಿ ಹಲವರು ಬೇಸರಪಟ್ಟು ಬೇರೆ ವ್ಯವಸ್ಥೆಗಳನ್ನು ಹಿಡಿದರು. ಮುಂದೆ ಸುಮಾರು ಎರಡು ವರ್ಷಕ್ಕೊಂದು ಆವೃತ್ತಿಯೆಂಬ ನಿಯಮವು ಬಳಕೆಗೆ ಬಂದಿತು.

ಇನ್ನು, ಡೆಬಿಯನ್ನಿನ ಚರಿತ್ರೆಯಲ್ಲಿ ಅತ್ಯಂತ ಅವಮಾನಕರವಾದ ಪ್ರಸಂಗವನ್ನು ಹೇಳಬೇಕು. ಅಂತರಜಾಲದಲ್ಲಿ ರಹಸ್ಯವಾಗಿ ವ್ಯವಹರಿಸಲು ಬೇಕಾದ ಬೀಗದ ಕೈಗಳನ್ನು ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶವು ತಯಾರಿಸಿಕೊಡುತ್ತದೆ. ಯಾರೂ ಊಹಿಸಲಾಗದ ಸಂಖ್ಯೆಯನ್ನು ಆರಿಸುವುದೇ ಈ ಕೈಗಳ ಜೀವಾಳ. ೨೦೦೬ರಲ್ಲಿ ಈ ಕಟ್ಟಿನ ಪಾಲನೆಯ ಸಂದರ್ಭದಲ್ಲಿ, ದೋಷಪರೀಕ್ಷೆಯ ಸಾಧನವೊಂದು ಮೂಲಪಾಠದ ಎರಡು ಸಾಲುಗಳನ್ನು ಶಂಕಾಸ್ಪದವೆಂದು ತೋರಿಸಿತು. ಅವು ಅನಾವಶ್ಯಕವೆಂದು ಬಗೆದು, ಬರೆದವರನ್ನು ಒಂದು ಮಾತು ವಿಚಾರಿಸಿಯೂ ವಿಚಾರಿಸದಂತಾಗಿ, ಅವುಗಳನ್ನು ತೆಗೆದುಹಾಕಲಾಯಿತು. ಶಂಕೆಗೆ ಕಾರಣವಿದ್ದದ್ದು ಒಂದು ಬಗೆಯಿಂದ ನಿಜ. ಆದರೆ ಆ ಸಾಲುಗಳೊಂದರ ಮೂಲಕವೇ ಅನಿಶ್ಚಿತತೆಯೆಲ್ಲ ಒಳಗೆ ಬರುತ್ತಿತ್ತು. ಪರಿಣಾಮವಾಗಿ, ಲೆಕ್ಕವಿಲ್ಲದಷ್ಟು ಇರಬೇಕಾದ ಬೀಗದ ಕೈಗಳು ಒಂದೊಂದು ಬಗೆಯಲ್ಲಿಯೂ ೩೨,೭೬೮ಕ್ಕಿಂತ ಹೆಚ್ಚಿಲ್ಲದಂತಾದುವು. ಅಷ್ಟನ್ನು ಒಂದೊಂದಾಗಿ ಹಾಕಿ ನೋಡುವುದು ಯಂತ್ರಕ್ಕೆ ಸ್ವಲ್ಪ ಹೊತ್ತಿನ ಕೆಲಸ. ಪಾಠವನ್ನು ಶುದ್ಧಮಾಡಲು ಹೊರಟ ಲಿಪಿಕಾರನು ತನಗೆ ಅರ್ಥವಾಗದ ಪದವನ್ನು ಪ್ರಕ್ಷಿಪ್ತವೆಂದು ಹೊಡೆದುಹಾಕಿದರೆ ಆಗುವ ಅನರ್ಥವು ಇದೇ. ಮೂಲಪಾಠವು ಎಲ್ಲರ ಕಣ್ಣಿಗೂ ತೆರೆದಿದ್ದರೂ ಸುಮಾರು ಇಪ್ಪತ್ತು ತಿಂಗಳು ಯಾರ ಕಣ್ಣಿಗೂ ಈ ಲೋಪವು ಬೀಳಲಿಲ್ಲ. ಹಲವರು ನೋಡಬಹುದು ಎಂಬುದಕ್ಕೂ ಯಾರಾದರೂ ನೋಡಿದ್ದಾರೆ ಎಂಬುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನವಿಲ್ಲ.

ಡೆಬಿಯನ್ನಿನವರೇ ಆದ ಲೂಸಿಯಾನೋ ಬೆಲ್ಲೋ ಅವರು ಇದನ್ನು ಕಂಡುಹಿಡಿದರು. ೨೦೦೮ನೆಯ ಮೇ ೧೩ರಂದು ಸಂಸ್ಥೆಯು ತಪ್ಪು ತನ್ನದೇ ಎಂದು ಲೋಕಕ್ಕೆಲ್ಲ ಪ್ರಕಟಿಸಿ, ಆ ಅವಧಿಯಲ್ಲಿ ತಯಾರಾದ ಎಲ್ಲ ಕೈಗಳನ್ನೂ ಎಸೆದು ಹೊಸದಾಗಿ ಮಾಡಿಕೊಳ್ಳಬೇಕೆಂದು ತಿಳಿಸಿತು. ಹಾಸ್ಯವೂ ನಿಂದೆಯೂ ಧಾರಾಳವಾಗಿ ಬಂದುವು. ೨೦೦೩ರ ನವೆಂಬರಿನಲ್ಲಿ ಕಳ್ಳರು ಅವರ ಕೆಲವು ಮುಖ್ಯ ಯಂತ್ರಗಳೊಳಗೆ ನುಗ್ಗಿದಾಗಲೂ ಸಂಗತಿಯನ್ನು ಹೀಗೆಯೇ ಬಯಲುಮಾಡಿದ್ದರು. ಮೂರನೆಯ ಪ್ರತಿಜ್ಞೆಗೆ ಬೆಲೆ ಕಟ್ಟಬೇಕಾದದ್ದು ಇಂತಹ ದಿನಗಳಲ್ಲಿಯೇ. ದೋಷವನ್ನು ಮುಚ್ಚಿದ ಸಂಸ್ಥೆಯನ್ನು ಮತ್ತೆ ನಂಬುವುದಕ್ಕಿಂತ, ಇಷ್ಟು ದೊಡ್ಡ ದೋಷವನ್ನು ತಾನೇ ಸಾರಿದ ಸಂಸ್ಥೆಯನ್ನು ನಂಬುವುದು ಜನಕ್ಕೆ ಸುಲಭವಾಯಿತು. ಅಂತರಿಕ್ಷದಲ್ಲಿ ತೇಲುವ ಅಂತರರಾಷ್ಟ್ರೀಯ ನಿಲ್ದಾಣದ ಕೆಲವು ಕಂಪ್ಯೂಟರುಗಳನ್ನು ೨೦೧೩ರಲ್ಲಿ ಡೆಬಿಯನ್ನಿಗೆ ಬದಲಾಯಿಸಿದರು.

ಕಲಹಗಳಿಗೂ ಕಡಮೆಯಿರಲಿಲ್ಲ. ೨೦೦೬ರಲ್ಲಿ, ಆವೃತ್ತಿಯು ಹೊತ್ತಿಗೆ ಹೊರಡಲೆಂದು ಅದರ ಹೊಣೆ ಹೊತ್ತ ಇಬ್ಬರಿಗೆ ಹಣ ಕೊಡುವ ಏರ್ಪಾಡನ್ನು ಕೆಲವರು ಮಾಡಿದರು. ಇಬ್ಬರಿಗೆ ಸಂಬಳ, ಮಿಕ್ಕವರಿಗೆ ಪುಣ್ಯವೇ ಎಂದು ಅನೇಕರಿಗೆ ಮನಸ್ಸು ಕಹಿಯಾಗಿ ಕೆಲವರು ಕೈ ಬಿಗಿಹಿಡಿದರು. ಡಿಸೆಂಬರಿನಲ್ಲಿ ಬರಬೇಕಾಗಿದ್ದ ಆವೃತ್ತಿಯು ಮುಂದಿನ ಏಪ್ರಿಲ್‌ವರೆಗೆ ಬರಲಿಲ್ಲ. ಇದು ನಿಜವಾಗಿಯೂ ತೊಡಕಿನ ಪ್ರಶ್ನೆ. ಕೆರೆಯನ್ನು ಅಗೆಯುವ ಪುಣ್ಯಕ್ಕೆ ಜನ ಸಿಕ್ಕುವರು. ವರ್ಷ ವರ್ಷವೂ ಹೂಳೆತ್ತುವುದಕ್ಕೆ ಸಿಕ್ಕುವುದಿಲ್ಲ. ಆದುದರಿಂದಲೇ ಹಿಂದಿನವರು ಕೆರೆಯ ದುರಸ್ತಿಗೆಂದು ಕಟ್ಟುಕೊಡುಗೆಯ ಭೂಮಿಗಳನ್ನು ಬಿಟ್ಟರು. ಡೆಬಿಯನ್ನಿನಲ್ಲಿಯೂ ೨೦೧೪ರಿಂದ, ಹಳೆಯ ಆವೃತ್ತಿಗಳನ್ನು ಐದು ವರ್ಷದವರೆಗೆ ಕಾಪಾಡುವ ನೀರಸವಾದ ಕೆಲಸಕ್ಕೆ ಕಂಪೆನಿಗಳಿಂದ ಹಣ ಕೂಡಿಸಿ ಕೊಡುವ ಪದ್ಧತಿಯು ನೆಲೆಗೊಂಡಿದೆ. ಅದೇ ವರ್ಷ ಯಂತ್ರವು ಎಚ್ಚೆತ್ತೊಡನೆ ಮಿಕ್ಕ ಸೇವೆಗಳನ್ನು ಎಬ್ಬಿಸುವ ಭಾರವನ್ನು ಸಿಸ್ಟಮ್‌ಡಿ ಎಂಬ ಹೊಸ ತಂತ್ರಾಂಶಕ್ಕೆ ಒಪ್ಪಿಸಬೇಕೇ ಬೇಡವೇ ಎಂದು ಹುಟ್ಟಿದ ವಾದವು, ದ್ವೈತಾದ್ವೈತಿಗಳ ವಾದಕ್ಕೆ ಏನೂ ಕಡಮೆಯಿಲ್ಲದಂತೆ ತಿಂಗಳುಗಟ್ಟಲೆ ನಡೆಯಿತು. ಹೊಸದೇ ಗೆದ್ದಿತು. ಒಪ್ಪದವರು ಡೆಬಿಯನ್ನಿನ ಮೂಲಪಾಠವನ್ನೇ ತೆಗೆದುಕೊಂಡು ಡೆವುವಾನ್ ಎಂಬ ಬೇರೆ ಶಾಖೆಯನ್ನು ಕಟ್ಟಿಕೊಂಡು, ೨೦೧೭ರಲ್ಲಿ ಅದರ ಮೊದಲ ಆವೃತ್ತಿಯನ್ನು ಹೊರಡಿಸಿದರು. ಅದನ್ನು ತಡೆಯುವ ಹಕ್ಕು ಡೆಬಿಯನ್ನಿಗೆ ಇಲ್ಲ. ಹಾಗೆ ಇರಕೂಡದೆಂದು ತಾನೇ ಬರೆದುಕೊಂಡಿದೆ.

ಶಾಖೆಗಳು ಕಲಹದಿಂದಲೇ ಹುಟ್ಟಬೇಕೆಂಬ ನಿಯಮವಿಲ್ಲ. ಒಂದು ಕಾಲದಲ್ಲಿ ಡೆಬಿಯನ್ನಿಗಾಗಿ ದುಡಿದಿದ್ದ ದಕ್ಷಿಣ ಆಫ್ರಿಕದ ಧನಿಕ ಮಾರ್ಕ್ ಷಟಲ್‌ವರ್ತರು ೨೦೦೪ರಲ್ಲಿ ಅದರ ಬುಡದಿಂದಲೇ ಉಬುಂಟು ಎಂಬುದನ್ನು ಬೆಳಸಿದರು. 'ಲಿನಕ್ಸ್' ಎಂಬ ಮಾತು ಮನೆಮನೆಗೆ ತಲಪಿದ್ದರಲ್ಲಿ ಅದರ ಪಾಲು ದೊಡ್ಡದು. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ೨೦೦೭ರಲ್ಲಿ ಹೊರಡಿಸಿದ ಬಾಸ್ ಎಂಬ ವ್ಯವಸ್ಥೆಯೂ ಡೆಬಿಯನ್ನಿನ ಸಂತತಿಯೇ. ೨೦೨೩ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನವರ ವಾರ್ಷಿಕ ಸಮ್ಮೇಳನವು ಕೊಚ್ಚಿಯಲ್ಲಿ ಸೇರಿತು. ಕನ್ನಡಿಗರಿಗೆ ಸಂಬಂಧಪಟ್ಟ ಸಂಗತಿಯೂ ಒಂದುಂಟು. ೨೦೧೧ರ ಫೆಬ್ರವರಿಯಲ್ಲಿ ಬಂದ ೬ನೆಯ ಆವೃತ್ತಿಯಿಂದ ಈ ವ್ಯವಸ್ಥೆಯನ್ನು ಯಂತ್ರದಲ್ಲಿ ನೆಲೆಗೊಳಿಸುವಾಗ ಕೇಳುವ ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಓದಬಹುದಾಯಿತು. ಕನ್ನಡದಲ್ಲಿ ಬಳಸುವವರು ಎಷ್ಟು ಮಂದಿಯಿರುವರು, ಲಾಭವೆಷ್ಟು ಎಂಬ ಲೆಕ್ಕದಿಂದ ಇದು ಆದದ್ದಲ್ಲ; ಭಾಷಾಂತರ ಮಾಡಲು ಕೆಲವರು ಮುಂದೆ ಬಂದರು, ಆದ್ದರಿಂದ ಆಯಿತು. ಡೆಬಿಯನ್ನಿನ ಭಂಡಾರದಲ್ಲಿ ಕೇದಗೆ, ಮಲ್ಲಿಗೆ, ನವಿಲು, ಗುಬ್ಬಿ ಎಂಬ ಕನ್ನಡ ಅಕ್ಷರಮಾದರಿಗಳು ಯಾರು ಬೇಕಾದರೂ ಎತ್ತಿಕೊಳ್ಳುವಂತೆ ಇವೆ. ಹೀಗೆ ಮುಂದೆ ಬರುವವರು ನಿಂತುಹೋದರೆ ಭಾಷಾಂತರವು ಹಳತಾಗಿ ಬೀಳುವುದೆಂಬುದೂ ಅಷ್ಟೇ ನಿಜ. ಸರ್ಕಾರವನ್ನಾಗಲಿ ಕಂಪೆನಿಯನ್ನಾಗಲಿ ದೂರುವಂತಿಲ್ಲ.

ಡೆಬಿಯನ್ನಿಗೆ ಹೆಸರಿಟ್ಟ ಇಯಾನ್ ಮರ್ಡಾಕರು ೨೦೧೫ನೆಯ ಡಿಸೆಂಬರ್ ೨೮ರಂದು, ನಾಲ್ವತ್ತೆರಡನೆಯ ವಯಸ್ಸಿನಲ್ಲಿ, ಕಾಲವಾದರು. ಅವರು ಮುಖಂಡತ್ವವನ್ನು ಬಿಟ್ಟು ಆಗಲೇ ಸುಮಾರು ಇಪ್ಪತ್ತು ವರ್ಷಗಳಾಗಿದ್ದುವು. ೨೦೧೭ರ ಸ್ಟ್ರೆಚ್ ಎಂಬ ೯ನೆಯ ಆವೃತ್ತಿಯು ಅವರಿಗೆ ಅರ್ಪಿತವಾಯಿತು. ಸ್ಥಾಪಕರು ತೀರಿದ ದಿನ ಭಂಡಾರದ ಒಂದು ಕಟ್ಟೂ ಅಲುಗಲಿಲ್ಲ.

ಆದರೂ ಇಂತಹ ಕಟ್ಟಡವು ಎಷ್ಟು ಸಣ್ಣ ಕೊಂಡಿಯ ಮೇಲೆ ನಿಂತಿರಬಹುದೆಂಬುದು ೨೦೨೪ರಲ್ಲಿ ತಿಳಿಯಿತು. ಕಡತಗಳನ್ನು ಅದುಮಿ ಚಿಕ್ಕದು ಮಾಡುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು, ಡೆಬಿಯನ್ನಿನ ಹೊರಗಿನ ಒಬ್ಬರೇ ಒಬ್ಬರು ಬಹುಕಾಲದಿಂದ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಜಿಯಾ ಟಾನ್ ಎಂಬ ಹೆಸರಿನ ಅಪರಿಚಿತನೊಬ್ಬನು ಎರಡು ವರ್ಷಕ್ಕೂ ಹೆಚ್ಚು ಕಾಲ ವಿಧೇಯನಾಗಿ ಅವರಿಗೆ ನೆರವಾಗಿ, ದಣಿದಿದ್ದ ಅವರ ನಂಬಿಕೆಯನ್ನು ಗಳಿಸಿ, ಕೊನೆಗೆ ಪಾಲಕತ್ವದಲ್ಲಿ ಪಾಲು ಪಡೆದನು. ಆಮೇಲೆ ಲೋಕದ ಅಸಂಖ್ಯಾತ ಯಂತ್ರಗಳೊಳಕ್ಕೆ ತಾನು ನುಗ್ಗಲು ಅನುವಾಗುವಂತಹ ಕಳ್ಳಬಾಗಿಲೊಂದನ್ನು ಅದರಲ್ಲಿ ಅಡಗಿಸಿಟ್ಟನು. ಡೆಬಿಯನ್ನಿನ ಮುದ್ರೆ, ಮೇಲುಸಹಿ, ಪರೀಕ್ಷೆಗಳೆಲ್ಲ ತನ್ನ ಅಂಗಳದೊಳಗಿನವು; ಕಟ್ಟಿನೊಳಗಿನ ಗ್ರಂಥವನ್ನು ಬರೆಯುವ ಹೊರಗಿನವರಿಗೆ ಅವು ತಗಲುವುದಿಲ್ಲ. ಕಳ್ಳಬಾಗಿಲು ಡೆಬಿಯನ್ನಿನ ಅಸ್ಥಿರ ವಿಭಾಗಕ್ಕೂ ಪರೀಕ್ಷಾ ವಿಭಾಗಕ್ಕೂ ಬಂದು ಕುಳಿತಿತು. ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರರು ತಮ್ಮ ಬೇರೊಂದು ಕೆಲಸಕ್ಕಾಗಿ ಸಿಡ್ ಯಂತ್ರವೊಂದನ್ನು ಬಳಸುತ್ತಿದ್ದಾಗ, ದೂರದಿಂದ ಅದರೊಳಗೆ ಪ್ರವೇಶಿಸಲು ಮೊದಲಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುವುದನ್ನು ಗಮನಿಸಿದರು. ಅರ್ಧ ಸೆಕೆಂಡು ತಾನೇ ಎಂದು ಬಿಡದೆ ಕಾರಣವನ್ನು ಅಗೆಯುತ್ತ ಹೋಗಿ, ಮಾರ್ಚಿ ೨೯ರಂದು ಸಂಗತಿಯನ್ನು ಲೋಕಕ್ಕೆ ತಿಳಿಸಿದರು. ಸ್ಥಿರ ಆವೃತ್ತಿಗೆ ಅದು ಇನ್ನೂ ಏರಿರಲಿಲ್ಲ. ಬೊಂಬೆ ಮುರಿಯುವ ಹುಡುಗನ ಅಂಗಳದಲ್ಲಿಯೇ ಅದು ಸಿಕ್ಕಿಬಿದ್ದಿತು. ಇದನ್ನು ಪದ್ಧತಿಯ ಜಯವೆಂದು ಕೆಲವರು ಹೇಳಿದರು, ಶುದ್ಧ ಅದೃಷ್ಟವೆಂದು ಕೆಲವರು ಹೇಳಿದರು. ಎರಡನೆಯವರ ಮಾತನ್ನು ತಳ್ಳಿಹಾಕುವುದು ಕಷ್ಟ.

ಪ್ರತಿಜ್ಞಾಪತ್ರವೂ ಕಾಲದೊಡನೆ ಬಾಗಬೇಕಾಯಿತು. ಇತ್ತೀಚಿನ ಯಂತ್ರಗಳ ಅನೇಕ ಅಂಗಗಳು ತಯಾರಕರು ಬೀಗ ಹಾಕಿದ ಸಣ್ಣ ತಂತ್ರಾಂಶಗಳಿಲ್ಲದೆ ಕೆಲಸವನ್ನೇ ಮಾಡವು. ಪೂರ್ಣಸ್ವಾತಂತ್ರ್ಯದ ವ್ರತವನ್ನು ಹಿಡಿದರೆ ಹೊಸಬನ ಯಂತ್ರವು ಅಂತರಜಾಲಕ್ಕೆ ಸೇರುವುದೇ ಇಲ್ಲ. ೨೦೨೨ರ ಅಕ್ಟೋಬರ್ ೧ರಂದು ಮುಗಿದ ಮತದಾನದಲ್ಲಿ ಸದಸ್ಯರು ಇಂತಹವುಗಳನ್ನು ಸ್ಥಾಪನೆಯ ಸಾಧನದೊಡನೆ ಸೇರಿಸಲು ಒಪ್ಪಿ, ಐದನೆಯ ಪ್ರತಿಜ್ಞೆಗೆ ಒಂದು ವಾಕ್ಯವನ್ನು ಕೂಡಿಸಿದರು. ವ್ರತಭಂಗವೆಂದು ನೊಂದವರಿದ್ದರು. ಆದರೆ ನಾಲ್ಕನೆಯ ಪ್ರತಿಜ್ಞೆಯಲ್ಲಿ ಬಳಸುವವರ ಹಿತವನ್ನೂ ತಂತ್ರಾಂಶದ ಸ್ವಾತಂತ್ರ್ಯವನ್ನೂ ಒಂದೇ ವಾಕ್ಯದಲ್ಲಿ ಇರಿಸಿದವರು, ಅವೆರಡೂ ಎದುರುಬದುರಾಗಿ ನಿಲ್ಲುವ ದಿನವು ಬರಬಹುದೆಂದು ಬಗೆದಿರಲಾರರು.

೨೦೨೫ನೆಯ ಆಗಸ್ಟ್ ೯ರಂದು ಟ್ರಿಕ್ಸಿ ಎಂಬ ೧೩ನೆಯ ಆವೃತ್ತಿಯು ೬೯,೮೩೦ ಕಟ್ಟುಗಳೊಡನೆ ಪ್ರಕಟವಾಯಿತು. ಅದರ ಮುಂದಿನದಕ್ಕೆ ಫೋರ್ಕಿ ಎಂಬ ಹೆಸರನ್ನು ಮೊದಲೇ ಗೊತ್ತುಮಾಡಿದ್ದರು. ಆ ಚಿತ್ರಮಾಲೆಯ ನಾಲ್ಕನೆಯ ಭಾಗದಲ್ಲಿ ಬರುವ ಫೋರ್ಕಿಯು ಅಂಗಡಿಯಲ್ಲಿ ಕೊಂಡ ಬೊಂಬೆಯಲ್ಲ. ಶಾಲೆಯ ಮೊದಲ ದಿನ ಪುಟ್ಟ ಹುಡುಗಿಯೊಬ್ಬಳು ಕಸದ ಬುಟ್ಟಿಯಿಂದ ಬಂದ ಚಮಚಕ್ಕೆ ಕಡ್ಡಿ ತಂತಿಗಳನ್ನು ಅಂಟಿಸಿ ತಾನೇ ಮಾಡಿಕೊಂಡದ್ದು.